ನೀರುಗಂಟಿ ಇಲ್ಲದ ಕೆರೆ: ಗಣಕ ಜಾಲದ ದಟ್ಟಣೆಗೆ ಕಡಿವಾಣ ಹಾಕಿದ ಲೆಕ್ಕ

ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಫಲಿತಾಂಶ ಹೊರಬೀಳುವ ದಿನ ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಾಗಲಿ, ಚಿತ್ರದುರ್ಗ ಪಟ್ಟಣದಲ್ಲಾಗಲಿ ಪರೀಕ್ಷೆ ಬರೆದವರಿರುವ ಮನೆಯಲ್ಲಿ ನಡೆಯುವುದು ಒಂದೇ ಕೆಲಸ. ಮಗನೋ ಮಗಳೋ ಮೊಬೈಲಿನಲ್ಲಿ ನೋಂದಣಿ ಸಂಖ್ಯೆ ಒತ್ತುತ್ತಾರೆ. ಪರದೆಯ ಮೇಲಿನ ಪುಟ್ಟ ಚಕ್ರ ಸುತ್ತುತ್ತಲೇ ಇರುತ್ತದೆ. ಮತ್ತೊಮ್ಮೆ ಒತ್ತುತ್ತಾರೆ, ಮಗದೊಮ್ಮೆ ಒತ್ತುತ್ತಾರೆ. ಕಡೆಗೆ ಮನೆಯ ಹಿರಿಯರು, ‘ನೆಟ್‌ವರ್ಕ್ ಸ್ಲೋ ಇದೆ ಕಣಪ್ಪ, ಸ್ವಲ್ಪ ತಡಿ’ ಎನ್ನುತ್ತಾರೆ.

ಹಿರಿಯರ ಈ ಮಾತಿನಲ್ಲಿ ವಿಜ್ಞಾನವಿದೆ. ಜಗತ್ತಿನ ಕೋಟ್ಯಂತರ ಗಣಕಯಂತ್ರಗಳು ಮತ್ತು ಮೊಬೈಲುಗಳು ದಿನವೂ ಪಾಲಿಸುತ್ತಿರುವ ನಿಯಮವೂ ಅದೇ: ದಾರಿ ತುಂಬಿದೆಯೆಂದು ತಿಳಿದ ಕೂಡಲೇ ಸ್ವಲ್ಪ ತಡೆ. ಈ ನಿಯಮವನ್ನು ಜಾರಿ ಮಾಡಲು ಪೊಲೀಸರಿಲ್ಲ, ತಪ್ಪಿದವರಿಗೆ ದಂಡವಿಲ್ಲ. ಆದರೂ ಜಾಲ ನಡೆಯುತ್ತಿದೆ. ಹೇಗೆ? ಇದರ ಹಿಂದಿರುವ ಲೆಕ್ಕವನ್ನು ಬಿಡಿಸಿದವರಲ್ಲಿ ಇಬ್ಬರು ನಮ್ಮ ಬೆಂಗಳೂರಿನಲ್ಲಿ ಓದಿದವರು ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದ ಸಂಗತಿ.

ರೂಟರೆಂಬ ಕೆರೆ

ಊರ ಹೆಸರಿನಲ್ಲೇ ಕೆರೆಯಿರುವ ಮಾಡದಕೆರೆಯವರಿಗೆ ಈ ವಿಷಯ ಅರ್ಥ ಮಾಡಿಸುವುದು ಸುಲಭ. ಕೆರೆಗೆ ನಾಲ್ಕಾರು ಹಳ್ಳಗಳಿಂದ ನೀರು ಬರುತ್ತದೆ. ಹೊರಗೆ ಹೋಗಲು ಇರುವುದು ತೂಬು. ತೂಬಿನ ಕಂಡಿ ಎಷ್ಟು ಅಗಲವೋ ಅಷ್ಟೇ ನೀರು ಹೊರಹೋದೀತು. ಬರುವುದು ಹೋಗುವುದಕ್ಕಿಂತ ಹೆಚ್ಚಾದರೆ ಕೆರೆ ತುಂಬುತ್ತದೆ. ತುಂಬಿದ ಮೇಲೂ ಬಂದರೆ ಕೋಡಿ ಬೀಳುತ್ತದೆ.

ಗಣಕ ಜಾಲದಲ್ಲಿ ಮಾಹಿತಿಯು ‘ಪ್ಯಾಕೆಟ್’ ಎಂಬ ಪುಟ್ಟ ಪುಟ್ಟ ಪೊಟ್ಟಣಗಳಾಗಿ ಹರಿಯುತ್ತದೆ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 1,500 ಬೈಟುಗಳು. ನೀವು ನೋಡುವ ಒಂದು ಫೋಟೊ ನೂರಾರು ಪೊಟ್ಟಣಗಳಾಗಿ ಬಂದು, ನಿಮ್ಮ ಮೊಬೈಲಿನಲ್ಲಿ ಮತ್ತೆ ಒಂದಾಗುತ್ತದೆ. ದಾರಿಯ ಕೂಡುರಸ್ತೆಗಳಲ್ಲಿ ರೂಟರುಗಳಿರುತ್ತವೆ. ಹಲವು ಕಡೆಯಿಂದ ಬಂದ ಪೊಟ್ಟಣಗಳನ್ನು ರೂಟರು ಸಾಲಿನಲ್ಲಿ ನಿಲ್ಲಿಸಿ, ಒಂದೊಂದಾಗಿ ಮುಂದಿನ ತಂತಿಗೆ ಬಿಡುತ್ತದೆ. ಈ ಸಾಲೇ ಕೆರೆ, ಮುಂದಿನ ತಂತಿಯೇ ತೂಬು. ಸಾಲು ತುಂಬಿದ ಮೇಲೆ ಬಂದ ಪೊಟ್ಟಣವನ್ನು ರೂಟರು ನಿರ್ದಾಕ್ಷಿಣ್ಯವಾಗಿ ಎಸೆದುಬಿಡುತ್ತದೆ. ಅದೇ ಕೋಡಿ.

ಒಂದು ವ್ಯತ್ಯಾಸ ಮಾತ್ರ ಉಂಟು. ಕೆರೆಯ ನೀರನ್ನು ಅಚ್ಚುಕಟ್ಟಿನ ಗದ್ದೆಗಳಿಗೆ ಹಂಚಲು ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಇರುತ್ತಿದ್ದ. ಯಾರಿಗೆ ಎಷ್ಟು ಹೊತ್ತು ಎಂದು ಅವನೇ ನಿರ್ಧರಿಸುತ್ತಿದ್ದ. ಅಂತರಜಾಲವನ್ನು ಕಟ್ಟಿದವರು ಅಂಥ ನೀರುಗಂಟಿಯನ್ನು ಇಡಲಿಲ್ಲ. ರೂಟರಿನ ಕೆಲಸ ಪೊಟ್ಟಣಗಳನ್ನು ಮುಂದೂಡುವುದಷ್ಟೆ. ಎಷ್ಟು ಕಳಿಸಬೇಕೆಂಬ ವಿವೇಕವನ್ನು ಕಳಿಸುವವರಿಗೇ ಬಿಟ್ಟರು. ಆ ವಿವೇಕ ಇಲ್ಲದಿದ್ದರೆ ಏನಾಗುತ್ತದೆಂಬುದು 1986ರಲ್ಲಿ ಗೊತ್ತಾಯಿತು.

ನಡೆದು ಹೋಗುವುದೇ ಮೇಲು ಎನಿಸಿದಾಗ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯ ಪಕ್ಕಪಕ್ಕದಲ್ಲಿವೆ. ನಡುವಿನ ದೂರ ಸುಮಾರು 400 ಗಜ. 1986ರ ಅಕ್ಟೋಬರಿನಲ್ಲಿ ಈ ಎರಡರ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ ಕೇವಲ 40 ಬಿಟ್‌ಗಳಿಗೆ ಕುಸಿಯಿತು.

ಇದರ ಅರ್ಥವೇನೆಂದು ಲೆಕ್ಕ ಹಾಕಿ ನೋಡಿ. 2,000 ಅಕ್ಷರಗಳ ಒಂದು ಇಂಗ್ಲಿಷ್ ಪುಟವೆಂದರೆ 16,000 ಬಿಟ್. ಅರ್ಧ ಸೆಕೆಂಡಿನಲ್ಲಿ ಹೋಗುತ್ತಿದ್ದ ಆ ಪುಟ ಹೋಗಲು ಈಗ 400 ಸೆಕೆಂಡು, ಅಂದರೆ 6 ನಿಮಿಷ 40 ಸೆಕೆಂಡು ಬೇಕು. ಆ ಹೊತ್ತಿಗೆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಆರಾಮವಾಗಿ ನಡೆದೇ ಹೋಗಿ ತಲುಪಿಸಬಹುದಿತ್ತು!

ತಂತಿ ತುಂಡಾಗಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಅಂದಿನ ನಿಯಮದಂತೆ, ಪೊಟ್ಟಣ ಮುಟ್ಟಿದ್ದಕ್ಕೆ ರಸೀತಿ ಬಾರದಿದ್ದರೆ ಅದನ್ನು ಮತ್ತೆ ಕಳಿಸಬೇಕು. ದಾರಿ ತುಂಬಿದಾಗ ರಸೀತಿ ತಡವಾಗುತ್ತದೆ. ಕಳಿಸಿದವರು ಪೊಟ್ಟಣ ಕಳೆದುಹೋಯಿತೆಂದು ಭಾವಿಸಿ ಮತ್ತೊಂದು ಪ್ರತಿ ಕಳಿಸುತ್ತಾರೆ. ಮೊದಲೇ ತುಂಬಿದ ದಾರಿ ಇನ್ನಷ್ಟು ತುಂಬುತ್ತದೆ. ಕಡೆಗೆ ತಂತಿಯ ತುಂಬ ಹರಿಯುವುದು ಹಳೆಯ ಪೊಟ್ಟಣಗಳ ನಕಲುಗಳೇ. ಜಾಲ ಮೈಮುರಿದು ದುಡಿಯುತ್ತಿರುತ್ತದೆ, ಕೆಲಸ ಮಾತ್ರ ಸಾಗದು. ಹೀಗಾದೀತೆಂದು ಜಾನ್ ನೇಗಲ್ ಎಂಬ ತಜ್ಞರು 1984ರಲ್ಲೇ ಎಚ್ಚರಿಸಿದ್ದರು.

ಪರಿಹಾರ ಹುಡುಕಿದವರು ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್. ಮೈಕೆಲ್ ಕ್ಯಾರೆಲ್ಸ್ ಜೊತೆಗೂಡಿ 1988ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಇಂದಿಗೂ ಗಣಕ ವಿಜ್ಞಾನದ ಹೆಸರಾಂತ ಪ್ರಬಂಧಗಳಲ್ಲೊಂದು. ಅದರ ಸಾರ ಇಷ್ಟು: ಪೊಟ್ಟಣ ಕಳೆದುಹೋದರೆ ಅದನ್ನು ದಾರಿ ತುಂಬಿರುವುದರ ಸೂಚನೆಯೆಂದು ತಿಳಿದು ವೇಗ ತಗ್ಗಿಸು. ರಸೀತಿಗಳು ಸರಿಯಾಗಿ ಬರುತ್ತಿದ್ದರೆ ನಿಧಾನವಾಗಿ ಏರಿಸುತ್ತಾ ಹೋಗು. ಟಿ.ಸಿ.ಪಿ. ಎಂಬ ಜಾಲನಿಯಮದೊಳಗೆ ಈ ಬುದ್ಧಿಯನ್ನು ಸೇರಿಸಿದ ಮೇಲೆ ಜಾಲ ಚೇತರಿಸಿಕೊಂಡಿತು.

ಟಾಟಾ ಇನ್‌ಸ್ಟಿಟ್ಯೂಟಿನ ಇಬ್ಬರು

ಅದೇ ಹೊತ್ತಿಗೆ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಯಲ್ಲಿ ಇನ್ನೊಂದು ತಂಡ ಈ ಸಮಸ್ಯೆಯ ಬೆನ್ನು ಹತ್ತಿತ್ತು. ತಂಡದಲ್ಲಿದ್ದವರು ರಾಜ್ ಜೈನ್ ಮತ್ತು ಕೆ.ಕೆ. ರಾಮಕೃಷ್ಣನ್. ಬೆಂಗಳೂರಿನ ಜನ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೈನ್ 1974ರಲ್ಲೂ, ರಾಮಕೃಷ್ಣನ್ 1978ರಲ್ಲೂ ಸ್ನಾತಕೋತ್ತರ ಪದವಿ ಪಡೆದಿದ್ದರು.

ಅವರ ಆಲೋಚನೆ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಕೋಡಿ ಬೀಳುವವರೆಗೂ ಏಕೆ ಕಾಯಬೇಕು? ಕೆರೆ ತುಂಬುತ್ತಿದೆ ಎನ್ನುವಾಗಲೇ ತಿಳಿಸಿದರಾಗದೆ? ಸಾಲು ಬೆಳೆಯತೊಡಗಿದ ಕೂಡಲೇ ರೂಟರು ಹಾದುಹೋಗುವ ಪೊಟ್ಟಣದ ಮೇಲೆ ಒಂದು ಗುರುತು ಹಾಕಬೇಕು. ಒಂದೇ ಒಂದು ಬಿಟ್ ಸಾಕು: ‘0’ ಇದ್ದರೆ ದಾರಿ ಸಲೀಸು, ‘1’ ಇದ್ದರೆ ದಟ್ಟಣೆ. ಪೊಟ್ಟಣ ಪಡೆದವರು ರಸೀತಿಯ ಜೊತೆಗೆ ಆ ಗುರುತನ್ನೂ ಹಿಂದಿರುಗಿಸುತ್ತಾರೆ. ಕಳಿಸುವವರು ಅದನ್ನು ನೋಡಿ ವೇಗ ಇಳಿಸುತ್ತಾರೆ. 1988ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ‘ಡೆಕ್‌ಬಿಟ್’ ಎಂಬ ಹೆಸರು ಬಂತು. ಮುಂದೆ 2001ರಲ್ಲಿ ರಾಮಕೃಷ್ಣನ್, ಸ್ಯಾಲಿ ಫ್ಲಾಯ್ಡ್ ಮತ್ತು ಡೇವಿಡ್ ಬ್ಲ್ಯಾಕ್ ಸೇರಿ ಇದೇ ತತ್ವವನ್ನು ಇಡೀ ಅಂತರಜಾಲಕ್ಕೆ ಒಗ್ಗುವ ಮಾನಕವನ್ನಾಗಿ ರೂಪಿಸಿದರು.

ಎಲ್ಲರೂ ಸಮನಾಗುವ ಬಗೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ವೇಗ ಏರಿಸುವುದು ಎಷ್ಟೆಷ್ಟು, ಇಳಿಸುವುದು ಎಷ್ಟೆಷ್ಟು? ಚಿಯು ಮತ್ತು ರಾಜ್ ಜೈನ್ 1989ರಲ್ಲಿ ಇದಕ್ಕೆ ಗಣಿತದ ಉತ್ತರ ಕೊಟ್ಟರು: ಏರಿಸುವಾಗ ಕೂಡಬೇಕು, ಇಳಿಸುವಾಗ ಭಾಗಿಸಬೇಕು. ಹತ್ತನೇ ತರಗತಿಯ ವಿದ್ಯಾರ್ಥಿ ಹಾಳೆಯ ಮೇಲೆ ಮಾಡಿ ನೋಡಬಹುದಾದ ಲೆಕ್ಕವಿದು.

ಒಂದು ದಾರಿಯಲ್ಲಿ ಒಮ್ಮೆಗೆ 12 ಪೊಟ್ಟಣ ಮಾತ್ರ ಹಿಡಿಯುತ್ತವೆ ಎನ್ನಿ. ರಂಗ 8 ಪೊಟ್ಟಣ ಕಳಿಸುತ್ತಿದ್ದಾನೆ, ತಡವಾಗಿ ಬಂದ ಗೌರಿ ಕೇವಲ 2. ಇಬ್ಬರ ಅಂತರ 6. ಪ್ರತಿ ಸುತ್ತಿಗೂ ಇಬ್ಬರೂ ಒಂದೊಂದು ಹೆಚ್ಚಿಸುತ್ತಾರೆ: 9 ಮತ್ತು 3, ನಂತರ 10 ಮತ್ತು 4. ಮೊತ್ತ 14 ಆಯಿತು, ದಾರಿ ಉಕ್ಕಿತು. ಇಬ್ಬರೂ ಅರ್ಧಕ್ಕಿಳಿಯುತ್ತಾರೆ: 5 ಮತ್ತು 2. ಅಂತರ ಈಗ 3. ಮತ್ತೆ ಏರಿಕೆ: 6-3, 7-4, 8-5. ಮೊತ್ತ 13, ಮತ್ತೆ ಅರ್ಧ: 4 ಮತ್ತು 2.5. ಅಂತರ 1.5. ಇನ್ನೊಂದು ಸಲ ಹೀಗೇ ಮಾಡಿದರೆ 3.5 ಮತ್ತು 2.75, ಅಂತರ 0.75.

ಗುಟ್ಟು ಗೊತ್ತಾಯಿತೆ? ಇಬ್ಬರೂ ಒಂದೊಂದು ಕೂಡಿದಾಗ ಅಂತರ ಬದಲಾಗುವುದಿಲ್ಲ. ಇಬ್ಬರೂ ಅರ್ಧವಾದಾಗ ಅಂತರವೂ ಅರ್ಧವಾಗುತ್ತದೆ. ಹೆಚ್ಚು ಹಿಡಿದುಕೊಂಡವನು ಹೆಚ್ಚು ಬಿಡುತ್ತಾನೆ. ಹೀಗಾಗಿ ರಂಗ-ಗೌರಿಯರು ಒಬ್ಬರನ್ನೊಬ್ಬರು ನೋಡದೆ, ಮಾತಾಡದೆ, ನೀರುಗಂಟಿಯ ಅಪ್ಪಣೆ ಇಲ್ಲದೆ ಸಮಪಾಲಿನತ್ತ ಸಾಗುತ್ತಾರೆ. ಇದರ ಬದಲು, ಉಕ್ಕಿದಾಗ ಇಬ್ಬರೂ ಒಂದೊಂದು ಕಳೆಯಬೇಕೆಂಬ ನಿಯಮವಿದ್ದಿದ್ದರೆ 6ರ ಅಂತರ ಎಂದೆಂದಿಗೂ 6 ಆಗಿಯೇ ಉಳಿಯುತ್ತಿತ್ತು. ತಡವಾಗಿ ಬಂದ ಗೌರಿ ಸದಾ ಹಿಂದೆಯೇ.

ಹಂಚಿಕೆ ಎಷ್ಟು ನ್ಯಾಯವಾಗಿದೆ ಎಂದು ಅಳೆಯಲೂ ಜೈನ್ ಮತ್ತು ಸಂಗಡಿಗರು 1984ರಲ್ಲಿ ಒಂದು ಸೂತ್ರ ಕೊಟ್ಟಿದ್ದರು. ಎಲ್ಲರ ಪಾಲನ್ನು ಕೂಡಿ ವರ್ಗ ಮಾಡಿ. ಪ್ರತಿಯೊಬ್ಬರ ಪಾಲಿನ ವರ್ಗಗಳನ್ನು ಕೂಡಿ ಜನಸಂಖ್ಯೆಯಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಎಲ್ಲರಿಗೂ ಸಮಪಾಲಾದರೆ ಉತ್ತರ 1. ನಾಲ್ವರಲ್ಲಿ ಒಬ್ಬನೇ ಎಲ್ಲವನ್ನೂ ನುಂಗಿದರೆ 0.25. ರಂಗ-ಗೌರಿಯರ 8 ಮತ್ತು 2ಕ್ಕೆ ಬರುವ ಉತ್ತರ ಸುಮಾರು 0.74, ಮೂರು ಸಲ ಅರ್ಧವಾದ ಮೇಲೆ 0.99. ‘ಜೈನ್ ಸೂಚ್ಯಂಕ’ ಎಂದೇ ಹೆಸರಾದ ಈ ಸೂತ್ರ ಇಂದಿಗೂ ಜಾಲ ಸಂಶೋಧಕರ ಅಳತೆಗೋಲು.

ಕೆರೆ ದೊಡ್ಡದಾದರೆ ಸಾಲದು

‘ರೂಟರಿನಲ್ಲಿ ಇನ್ನಷ್ಟು ಜಾಗ ಇಟ್ಟರೆ ಪೊಟ್ಟಣ ಎಸೆಯುವುದೇ ತಪ್ಪುತ್ತದಲ್ಲ?’ ಎಂದು ಯಾರಾದರೂ ಕೇಳಬಹುದು. ನೀರಿನ ವಿಷಯದಲ್ಲಿ ಸರಿ. ಹಿರಿಯೂರು ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಜಿಲ್ಲೆಗೆ ಜಿಲ್ಲೆಯೇ ಹಬ್ಬದಂತೆ ನೋಡಲು ಹೋಯಿತು. ವರ್ಷಗಟ್ಟಲೆ ನಿಂತ ನೀರೂ ಬೆಳೆಗೆ ನೀರೇ.

ಮಾಹಿತಿ ಹಾಗಲ್ಲ, ಅದು ಹಾಲಿನಂತೆ, ತಡವಾದರೆ ಕೆಟ್ಟಿತು. ಸೆಕೆಂಡಿಗೆ 10 ಲಕ್ಷ ಬಿಟ್ ಸಾಗಿಸುವ ದಾರಿಯ ಮುಂದೆ 80 ಲಕ್ಷ ಬಿಟ್‌ಗಳ ಸಾಲು ನಿಂತರೆ, ಕೊನೆಯಲ್ಲಿ ಬಂದ ಪೊಟ್ಟಣ 8 ಸೆಕೆಂಡು ಕಾಯಬೇಕು. ಆನ್‌ಲೈನ್ ಪಾಠದಲ್ಲಿ ಮೇಷ್ಟರು ಕೇಳಿದ ಪ್ರಶ್ನೆ 8 ಸೆಕೆಂಡು ಬಿಟ್ಟು ಕೇಳಿಸಿದರೆ ಏನು ಪ್ರಯೋಜನ? 2010ರ ಆಸುಪಾಸಿನಲ್ಲಿ ಜಿಮ್ ಗೆಟಿಸ್ ಎಂಬ ತಂತ್ರಜ್ಞರು ತಮ್ಮ ಮನೆಯ ಸಂಪರ್ಕದಲ್ಲೇ ಈ ರೋಗವನ್ನು ಗುರುತಿಸಿ ‘ಬಫರ್‌ಬ್ಲೋಟ್’ ಎಂದು ಕರೆದರು. ಸಾಲಿನ ಬೊಜ್ಜು ಎನ್ನಬಹುದು. ಸಾಲು ತುಂಬುವವರೆಗೆ ಕಾಯದೆ ಮೊದಲೇ ಕೆಲವು ಪೊಟ್ಟಣಗಳನ್ನು ಬಿಟ್ಟು ಕಳಿಸುವವರನ್ನು ಎಚ್ಚರಿಸುವ ಉಪಾಯವನ್ನು ಸ್ಯಾಲಿ ಫ್ಲಾಯ್ಡ್ ಮತ್ತು ಜೇಕಬ್ಸನ್ 1993ರಲ್ಲೇ ಸೂಚಿಸಿದ್ದರು. 2012ರಲ್ಲಿ ಇನ್ನೂ ಉತ್ತಮವಾದ ವಿಧಾನ ಬಂತು.

ಧಾರಾಪಾತ್ರೆಯ ಉಪಾಯ

ಕಳಿಸುವವರ ವಿವೇಕವನ್ನಷ್ಟೇ ನಂಬದೆ, ವೇಗಕ್ಕೆ ದಾರಿಯಲ್ಲೇ ಮಿತಿ ಹಾಕುವ ಕ್ರಮವೂ ಉಂಟು. ಶಿವಾಲಯದಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ನೀವು ನೋಡಿದ್ದೀರಿ. ಮೇಲಿನಿಂದ ಕೊಡಗಟ್ಟಲೆ ನೀರು ಸುರಿದರೂ ಕೆಳಗೆ ಬೀಳುವುದು ಒಂದೇ ಹದದ ಹನಿ. ಪಾತ್ರೆ ತುಂಬಿದ ಮೇಲೆ ಸುರಿದದ್ದು ಹೊರಚೆಲ್ಲುತ್ತದೆ. ಜಾಲದಲ್ಲೂ ಇಂಥದ್ದೇ ಒಂದು ‘ಸೋರುವ ಪಾತ್ರೆ’ಯ ಲೆಕ್ಕವನ್ನು 1986ರಲ್ಲಿ ಜೊನಾಥನ್ ಟರ್ನರ್ ಮುಂದಿಟ್ಟರು.

ಇದರ ಸೋದರ ಸಂಬಂಧಿ ಟೋಕನ್ ಪಾತ್ರೆ. ಕ್ಷಣಕ್ಷಣಕ್ಕೂ ಪಾತ್ರೆಗೆ ಒಂದೊಂದು ಟೋಕನ್ ಬೀಳುತ್ತದೆ. ಪೊಟ್ಟಣ ಹೊರಡಬೇಕಾದರೆ ಟೋಕನ್ ಕೊಡಬೇಕು. ಸುಮ್ಮನಿದ್ದ ಹೊತ್ತಿನಲ್ಲಿ ಟೋಕನ್ ಕೂಡಿಟ್ಟವರು ಒಮ್ಮೆಲೇ ಸ್ವಲ್ಪ ಹೆಚ್ಚು ಕಳಿಸಬಹುದು; ಪಾತ್ರೆ ಬರಿದಾದ ಮೇಲೆ ಟೋಕನ್ ಬೀಳುವ ವೇಗದಲ್ಲೇ ಸಾಗಬೇಕು. ದಿನದ ಡೇಟಾ ಮುಗಿದ ಮೇಲೆ ವೇಗವನ್ನು ಇಳಿಸಿ ಹಿಡಿದಿಡಲು ಇಂಥ ವಿಧಾನಗಳೇ ಬೇಕು. ವೇಗ ಸೆಕೆಂಡಿಗೆ 64,000 ಬಿಟ್‌ಗೆ ಇಳಿದರೆ 1 ಮೆಗಾಬೈಟಿನ ಹಳೆಯ ಪ್ರಶ್ನೆಪತ್ರಿಕೆಯೊಂದು ಇಳಿಯಲು 2 ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಹಗಲೆಲ್ಲ ಸಿನಿಮಾ ಹಾಡಿಗೆ ಡೇಟಾ ಸುರಿದು ರಾತ್ರಿ ಓದಲು ಕೂರುವವರು ಇದನ್ನು ನೆನಪಿಡಬೇಕು.

ಹಳ್ಳಿಯ ಮಕ್ಕಳ ಪಾಲು

ಸಮಪಾಲಿನ ಲೆಕ್ಕ ಹಾಳೆಯ ಮೇಲೆ ಸೊಗಸಾಗಿದೆ. ಆದರೆ ಹಳ್ಳಿಯ ವಿದ್ಯಾರ್ಥಿಗೆ ಅದು ಪೂರ್ತಿ ದಕ್ಕುತ್ತದೆಯೇ? ಇಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದು ಸಿಗ್ನಲ್ಲು. ಟವರಿನಿಂದ ದೂರವಿರುವ ಮನೆಯಲ್ಲಿ ಪೊಟ್ಟಣ ಕಳೆಯುವುದು ದಟ್ಟಣೆಯಿಂದಲೇ ಅಲ್ಲ, ಗಾಳಿಯಲ್ಲಿ ಸಂಕೇತ ಮಸುಕಾಗುವುದರಿಂದಲೂ. ಹಳೆಯ ಟಿ.ಸಿ.ಪಿ.ಗೆ ಈ ಭೇದ ತಿಳಿಯದು. ದಾರಿ ಖಾಲಿಯಿದ್ದರೂ ತುಂಬಿದೆಯೆಂದು ತಿಳಿದು ವೇಗ ಇಳಿಸುತ್ತದೆ. 1997ರಲ್ಲಿ ಪ್ರಕಟವಾದ ಒಂದು ಸರಳ ಸೂತ್ರದ ಪ್ರಕಾರ, ಕಳೆಯುವ ಪೊಟ್ಟಣಗಳ ಪ್ರಮಾಣ 4 ಪಟ್ಟಾದರೆ ವೇಗ ಅರ್ಧವಾಗುತ್ತದೆ. ಇಂಥ ನಷ್ಟವಿರುವ ನಿಸ್ತಂತು ದಾರಿಯಲ್ಲಿ ಟಿ.ಸಿ.ಪಿ.ಯ ಬೇರೆ ಬೇರೆ ಆವೃತ್ತಿಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಗಣಿತದಿಂದ ವಿಶ್ಲೇಷಿಸಿದ ಪ್ರಬಂಧವೊಂದು 1998ರಲ್ಲಿ ಪ್ರಕಟವಾಯಿತು. ಬರೆದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅನುರಾಗ್ ಕುಮಾರ್. ಅವರು 2014ರಿಂದ 2020ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ಇಂದಿನ ಮೊಬೈಲ್ ಜಾಲಗಳು ಗಾಳಿಯಲ್ಲಿ ಕೆಟ್ಟ ಪೊಟ್ಟಣವನ್ನು ಟವರಿನಿಂದಲೇ ಮತ್ತೆ ಕಳಿಸಿ ಈ ತೊಡಕನ್ನು ಬಹಳಷ್ಟು ಮರೆಮಾಡುತ್ತವೆ. ಜೇಕಬ್ಸನ್ ಅವರೂ ಸೇರಿದ್ದ ಗೂಗಲ್ ತಂಡ 2016ರಲ್ಲಿ ಪ್ರಕಟಿಸಿದ ‘ಬಿ.ಬಿ.ಆರ್.’ ವಿಧಾನವು ಪೊಟ್ಟಣ ಕಳೆಯುವುದನ್ನೇ ನೆಚ್ಚಿಕೊಳ್ಳದೆ, ದಾರಿಯ ಅಗಲವನ್ನೂ ರಸೀತಿ ಬರುವ ಹೊತ್ತನ್ನೂ ಅಳೆದು ವೇಗ ನಿರ್ಧರಿಸುತ್ತದೆ.

ಎರಡನೆಯದು ದೂರ. ಟಿ.ಸಿ.ಪಿ.ಯಲ್ಲಿ ರಸೀತಿ ಬಂದ ಮೇಲಷ್ಟೇ ಏರಿಕೆ. ರಸೀತಿ ಬೇಗ ಬರುವವರು ಬೇಗ ಏರುತ್ತಾರೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 200 ಕಿಲೋಮೀಟರ್ ದೂರದ ಯಂತ್ರಕ್ಕೆ ಹೋಗಿಬರಲು 2 ಮಿಲಿಸೆಕೆಂಡು ಸಾಕಾದರೆ, 14,000 ಕಿಲೋಮೀಟರ್ ದೂರದ್ದಕ್ಕೆ 140 ಮಿಲಿಸೆಕೆಂಡಾದರೂ ಬೇಕು. ಆದ್ದರಿಂದಲೇ ಜನ ಹೆಚ್ಚು ನೋಡುವ ವಿಡಿಯೊಗಳ ಪ್ರತಿಗಳನ್ನು ಕಂಪನಿಗಳು ನಮ್ಮ ದೇಶದ ನಗರಗಳಲ್ಲೇ ಇಟ್ಟುಕೊಳ್ಳುತ್ತವೆ.

ಮೂರನೆಯದು ಮನುಷ್ಯಸಹಜ ಆಸೆ. ಸಮಪಾಲು ಸಿಗುವುದು ಒಂದೊಂದು ಸಂಪರ್ಕಕ್ಕೆ, ಒಬ್ಬೊಬ್ಬ ಮನುಷ್ಯನಿಗಲ್ಲ. ಒಂದೇ ಹೊತ್ತಿಗೆ 10 ಸಂಪರ್ಕ ತೆರೆಯುವ ತಂತ್ರಾಂಶ 10 ಪಾಲು ಎತ್ತಿಕೊಳ್ಳುತ್ತದೆ. ಒಂದೇ ಮನೆಗೆ ಹತ್ತು ರೇಷನ್ ಕಾರ್ಡ್ ಇದ್ದಂತೆ! ನೀರುಗಂಟಿ ಇಲ್ಲದ ಕೆರೆಯ ದೌರ್ಬಲ್ಯವಿದು. ಬಹುಪಾಲು ಜನರ ಯಂತ್ರಗಳು ಸಂಯಮದಿಂದ ನಡೆಯುವುದರಿಂದಲೇ ವ್ಯವಸ್ಥೆ ಉಳಿದಿದೆ.

ಮನೆಯಲ್ಲಿ ಮಾಡಬಹುದಾದ್ದು

ಪೋಷಕರೂ ವಿದ್ಯಾರ್ಥಿಗಳೂ ಈ ತಿಳಿವಳಿಕೆಯನ್ನು ಇಂದಿನಿಂದಲೇ ಬಳಸಬಹುದು. ಮಗಳ ಆನ್‌ಲೈನ್ ತರಗತಿ ನಡೆಯುವಾಗ ಅದೇ ಸಂಪರ್ಕದಲ್ಲಿ ಫೋಟೊಗಳು ತಾವಾಗಿ ಮೇಲೇರುತ್ತಿದ್ದರೆ ಸಾಲು ಬೆಳೆದು ಪಾಠ ತಡವರಿಸುತ್ತದೆ. ಅದನ್ನು ನಿಲ್ಲಿಸಿ. ದೊಡ್ಡ ಕಡತಗಳನ್ನೂ ಮೊಬೈಲಿನ ಅಪ್‌ಡೇಟ್‌ಗಳನ್ನೂ ರಾತ್ರಿ ಎಲ್ಲರೂ ಮಲಗಿದ ಮೇಲೆ ಇಳಿಸಿಕೊಳ್ಳಿ.

ಫಲಿತಾಂಶದ ದಿನ ಗುಂಡಿಯನ್ನು ಒತ್ತುತ್ತಲೇ ಇರುವುದು 1986ರ ಯಂತ್ರಗಳು ಮಾಡಿದ ಕೆಲಸವೇ. ಅಂದು ಅಂಕಪಟ್ಟಿ ಕೊಡುವ ಯಂತ್ರದ ಮುಂದೆ ಸಾಲು ಬೆಳೆದಿರುತ್ತದೆ. ಪ್ರತಿ ಒತ್ತಿಗೂ ಇನ್ನೊಂದು ಕೋರಿಕೆ ಆ ಸಾಲಿಗೆ ಸೇರುತ್ತದೆ. ಯಂತ್ರದ ಸಂಯಮ ಒಳಗಿದ್ದರೂ ಹೆಬ್ಬೆರಳಿನ ಸಂಯಮ ನಮ್ಮದೇ. ಮೊದಲ ಸಲ ಸಿಗದಿದ್ದರೆ 1 ನಿಮಿಷ ಕಾಯಿರಿ, ಮತ್ತೆ ಸಿಗದಿದ್ದರೆ 2 ನಿಮಿಷ, ಆಮೇಲೆ 4, ಆಮೇಲೆ 8. ಒಂದೇ ತಂತಿಗೆ ಇಬ್ಬರು ಒಟ್ಟಿಗೆ ಬಂದಾಗ ಗಣಕಗಳೂ ಹೀಗೇ ಕಾಯುವ ಹೊತ್ತನ್ನು ಇಮ್ಮಡಿಗೊಳಿಸುವುದುಂಟು. ಅಂಕಗಳು ಅಷ್ಟರಲ್ಲಿ ಬದಲಾಗುವುದಿಲ್ಲ!

ಇನ್ನು ಮುಂದಿನ ಓದಿನ ಮಾತು. ಈ ಕ್ಷೇತ್ರದಲ್ಲಿ ಕೆಲಸ ಮಾಡಬಯಸುವವರಿಗೆ ಗಣಕ ಭಾಷೆಗಿಂತ ಮೊದಲು ಬೇಕಾದ್ದು ಗಣಿತ, ಅದರಲ್ಲೂ ಸಂಭವನೀಯತೆ. ಪಿಯುಸಿಯಲ್ಲಿ ‘ಇದರಿಂದೇನು ಉಪಯೋಗ?’ ಎಂದು ಪಕ್ಕಕ್ಕಿಡುವ ಅಧ್ಯಾಯವೇ ಇಲ್ಲಿ ಅಡಿಪಾಯ. ಎಂಜಿನಿಯರಿಂಗ್ ಓದುವವರಿಗೆ ಎನ್‌.ಪಿ.ಟಿ.ಇ.ಎಲ್‌. ಪಾಠಗಳಲ್ಲಿ ಗಣಕ ಜಾಲದ ವಿಷಯ ಉಚಿತವಾಗಿ ಸಿಗುತ್ತದೆ.

ಅದಕ್ಕೂ ಮೊದಲು ಒಂದು ಪುಟ್ಟ ಅಭ್ಯಾಸ. ದಾರಿಯ ಮಿತಿ 15. ಮೂವರು ಕ್ರಮವಾಗಿ 9, 3 ಮತ್ತು 0 ಪೊಟ್ಟಣಗಳಿಂದ ಆರಂಭಿಸುತ್ತಾರೆ. ಪ್ರತಿ ಸುತ್ತಿಗೂ ಒಂದೊಂದು ಏರಿಕೆ, ಮೊತ್ತ 15ನ್ನು ಮೀರಿದಾಗಲೆಲ್ಲ ಮೂವರೂ ಅರ್ಧ. ನಾಲ್ಕು ಸಲ ಅರ್ಧವಾದ ಮೇಲೆ ಯಾರ ಪಾಲು ಎಷ್ಟು? ಜೈನ್ ಸೂಚ್ಯಂಕ ಎಷ್ಟರಿಂದ ಎಷ್ಟಕ್ಕೇರಿತು? ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಇದಕ್ಕೆ ಸಿಗ್ನಲ್ ಬೇಕಾಗಿಲ್ಲ.